ಹಳೇ ಕಲ್ಲುಮನೆಯ ರಿಪೇರಿಗೆ ಯಾಕಿಷ್ಟು ತೆರಿಗೆ?

ಬ್ರಿಟನ್ನಿನ ಹಣಕಾಸು ಸಚಿವರಿಗೆ,

ನಮಸ್ಕಾರ. ಸಾಮರ್ಸೆಟ್‌ನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನಾನೂ ಒಬ್ಬ. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆ ಕಳಿಸುತ್ತೇನೆ. ಇದು ನಮ್ಮವರೂ ಓದಲಿ ಅಂತ.

ನಮ್ಮ ಕಡೆಯ ಮಾಂಟಕ್ಯೂಟ್ ಹೌಸ್ ಅನ್ನೋ ಹಳೇ ಬಂಗಲೆ ನೀವು ನೋಡಿರಬಹುದು. 1600ರ ಆಸುಪಾಸಿನಲ್ಲಿ ಎಡ್ವರ್ಡ್ ಫೆಲಿಪ್ಸ್ ಎಂಬ ವಕೀಲರು ಕಟ್ಟಿಸಿದ್ದು. ಕಲ್ಲು ಪಕ್ಕದ ಹ್ಯಾಮ್ ಹಿಲ್‌ನದು, ಜೇನಿನ ಬಣ್ಣ. ಪೂರ್ವದ ಕಡೆ ಮೇಲಂತಸ್ತಿನ ಕಿಟಕಿಗಳ ನಡುವೆ, ಮಧ್ಯಯುಗದ ಯುರೋಪಿನವರು ಆದರ್ಶ ಅಂತ ಹೊಗಳಿದ ಒಂಬತ್ತು ವೀರರ ಪ್ರತಿಮೆಗಳಿವೆ. ಎಲ್ಲರಿಗೂ ರೋಮನ್ ಸೈನಿಕರ ವೇಷ, ಪಾಪ, ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನಿಗೂ! ಪಶ್ಚಿಮಕ್ಕೆ ಹೋದರೆ ಇನ್ನೂ ಮಜಾ. ಅಲ್ಲಿನ ಮುಂಭಾಗ ಈ ಮನೆಯದೇ ಅಲ್ಲ. 1780ರ ದಶಕದಲ್ಲಿ ಕ್ಲಿಫ್ಟನ್ ಮೇಬ್ಯಾಂಕ್ ಅನ್ನೋ ಮನೆಯನ್ನು ಕೆಡವುವಾಗ ಅದರ ಕೆತ್ತನೆ ಕಲ್ಲುಗಳನ್ನು ತಂದು ಇಲ್ಲಿ ಜೋಡಿಸಿದರು.

ಭಾರತದ ಸ್ಮಾರಕಗಳಿಗೆ 1904ರಲ್ಲಿ ಕಾಯಿದೆ ತಂದ ಲಾರ್ಡ್ ಕರ್ಜನ್ 1915ರಿಂದ ಇಲ್ಲಿ ಬಾಡಿಗೆಗಿದ್ದರು. ಅವರು ತೀರಿಕೊಂಡ ಮೇಲೆ ಮನೆ ಮಾರಾಟಕ್ಕೆ ಬಂತು. ಗುಜರಿ ಲೆಕ್ಕದಲ್ಲಿ 5,882 ಪೌಂಡ್ ಅಂತ ಬೆಲೆ ಕಟ್ಟಿದ್ದರು! ಅರ್ನೆಸ್ಟ್ ಕುಕ್ ಎಂಬ ದಾನಿ ಕೊಂಡುಕೊಂಡಿದ್ದರಿಂದ ಉಳಿಯಿತು. 1931ರಲ್ಲಿ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.

ದೊಡ್ಡ ಮನೆಗೆ ಟ್ರಸ್ಟ್ ಇದೆ. ನನ್ನ ಚಿಂತೆ ಅದೇ ಕಲ್ಲಿನ ಸಣ್ಣ ಮನೆಗಳದು. ಹ್ಯಾಮ್ ಕಲ್ಲು ಮೆದು. ಸಂದಿಗೆ ಸುಣ್ಣದ ಗಾರೆ ಹಾಕಿದ್ದರೆ ಗೋಡೆಗೆ ಇಳಿದ ತೇವ ಅದರ ಮೂಲಕ ಆರಿಹೋಗುತ್ತದೆ. ಸುಮ್ನೆ ಸಿಮೆಂಟ್ ಮೆತ್ತಿದರೆ ನೀರು ಕಲ್ಲಿನೊಳಗೇ ಉಳಿಯುತ್ತದೆ. ಚಳಿಗೆ ಹೆಪ್ಪುಗಟ್ಟುತ್ತದೆ. ಕಲ್ಲಿನ ಮೇಲ್ಮೈ ಪದರ ಪದರವಾಗಿ ಉದುರಿ, ಕೊನೆಗೆ ಸಂದಿಯ ಸಿಮೆಂಟ್ ಮಾತ್ರ ಅಂಚಿನಂತೆ ಎದ್ದು ನಿಲ್ಲುತ್ತದೆ. ಹ್ಯಾಮ್ ಹಿಲ್‌ನ ಕಲ್ಲು ತರಿಸಿ, ಸುಣ್ಣದ ಕೆಲಸ ಬಲ್ಲವರನ್ನು ಕರೆಸಿದರೆ ಖರ್ಚು ಜಾಸ್ತಿ.

ಅದರ ಮೇಲೆ 20% ವ್ಯಾಟ್! ಊರಾಚೆಯ ಬಯಲಲ್ಲಿ ಹೊಸ ಮನೆ ಕಟ್ಟಿದರೆ ಸೊನ್ನೆ. ಎರಡು ವರ್ಷ ಖಾಲಿ ಬಿದ್ದಿದ್ದ ಮನೆಯ ದುರಸ್ತಿಗೆ 5%. ಮನೆಯಲ್ಲೇ ಇದ್ದು ಜೋಪಾನ ಮಾಡುವವರಿಗೇ ದಂಡ ಹಾಕಿದಂತಾಯಿತು, ಅಲ್ವಾ? ಪಾರಂಪರಿಕ ಪಟ್ಟಿಯಲ್ಲಿರುವ ಮನೆಗಳಲ್ಲಿ ಅನುಮತಿ ಪಡೆದು ಮಾಡುವ ಮಾರ್ಪಾಡಿಗೆ ಇದ್ದ ವಿನಾಯಿತಿಯೂ 2012ರಲ್ಲಿ ಹೋಯಿತು. ರಿಪೇರಿಗಂತೂ ಆಗಲೂ ಇರಲಿಲ್ಲ.

ಖಾಲಿ ಮನೆಗೆ ಕೊಟ್ಟಿರುವ ಆ 5% ದರವನ್ನೇ ಪಟ್ಟಿಯಲ್ಲಿರುವ ಮನೆಗಳ ರಿಪೇರಿಗೂ ಕೊಡಿ. ಬೇಕಿದ್ದರೆ ಸರಿಯಾದ ಕಲ್ಲು, ಸುಣ್ಣ ಬಳಸಿದ ಕೆಲಸಕ್ಕೆ ಮಾತ್ರ ಅಂತ ಷರತ್ತು ಹಾಕಿ. ಮುಂದಿನ ಬಜೆಟ್‌ನಲ್ಲೇ ಆದರೆ ಒಳ್ಳೇದು.

ಇಂತಿ,
ಸಾಮರ್ಸೆಟ್‌ನ ಒಬ್ಬ ಕನ್ನಡಿಗ