ಹೂವಿನ ಪ್ರದರ್ಶನಕ್ಕೆ ಕಳಿಸಿದ ರಿಪೋರ್ಟರ್ ಪರವಾಗಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷ್ ಲೇಖಕಿ ಹೆಲೆನ್ ಫೀಲ್ಡಿಂಗ್ ಅವರ 'ಒಲಿವಿಯಾ ಜೂಲ್ಸ್ ಅಂಡ್ ದಿ ಓವರ್‌ಆ್ಯಕ್ಟಿವ್ ಇಮ್ಯಾಜಿನೇಷನ್' ಕಾದಂಬರಿ ಬಗ್ಗೆ ಓದುಗರ ಅಭಿಪ್ರಾಯ ಹಾಕಿದ್ರಲ್ಲ, ಓದಿದೆ. ಒಬ್ರು ಬರೀ ಟೈಂಪಾಸ್ ಅಂದಿದ್ದಾರೆ, ಇನ್ನೊಬ್ರು ಬ್ರಿಜೆಟ್ ಜೋನ್ಸ್ ಅಂಥ ಹೆಸರಾದ ಕಾದಂಬರಿ ಬರೆದವ್ರು ಇದನ್ಯಾಕೆ ಬರೆಯೋಕೆ ಹೋದ್ರೋ ಅಂತ ಬೇಜಾರು ಮಾಡ್ಕೊಂಡಿದ್ದಾರೆ, ಮೂರನೆಯವ್ರಂತೂ ಫೇಸ್‌ಕ್ರೀಂ ಬಗ್ಗೆ ಬರೆಯೋ ಹುಡುಗಿ ಕೈಗೆ ಭಯೋತ್ಪಾದಕ ಸಿಕ್ಕೋದು ಅಂದ್ರೆ ನಂಬೋ ಮಾತಾ ಅಂತ ಕೇಳಿದ್ದಾರೆ. ಈ ಮೂರನೆಯವ್ರಿಗೆ ಉತ್ತರ ಕೊಡೋಕೇ ಈ ಪತ್ರ. ಮಳೆಗೆ ಕರೆಂಟ್ ಹೋಗಿ ಎರಡು ದಿನ ಆಯ್ತು, ಬೇರೆ ಕೆಲಸಾನೂ ಇಲ್ಲ.

ಓದದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ಒಲಿವಿಯಾ ಲಂಡನ್ನಿನ ಪತ್ರಿಕೆ ಸಂಡೇ ಟೈಮ್ಸ್‌ಗೆ ಬರೆಯೋ ಫ್ರೀಲಾನ್ಸ್ ಪತ್ರಕರ್ತೆ. ಅವಳಿಗೆ ಆಸೆ ಇರೋದು ವಿದೇಶಿ ಸುದ್ದಿ ಮಾಡೋಕೆ, ಆದ್ರೆ ಇವಳು ಇಲ್ಲದ್ದನ್ನೆಲ್ಲ ಊಹಿಸ್ಕೊಂಡು ಬರೀತಾಳೆ ಅಂತ ಸ್ಟೈಲ್ ಪುಟಕ್ಕೆ ತಳ್ಳಿದ್ದಾರೆ. ಮಿಯಾಮಿಗೆ ಒಂದು ಕ್ರೀಂ ಲಾಂಚ್ ಬರೆಯೋಕೆ ಹೋದವಳಿಗೆ ಪಿಯರ್ ಫೆರಾಮೊ ಅನ್ನೋ ಸಿನಿಮಾ ನಿರ್ಮಾಪಕ ಸಿಗ್ತಾನೆ, ನೋಡೋಕೆ ಚೆಂದ, ಮಾತು ನಯ, ಇವಳಿಗೆ ಇವ್ನು ಅಲ್ ಖೈದಾದವ್ನೇ ಅಂತ ಗುಮಾನಿ. ಅಲ್ಲಿಂದ ಲಾಸ್ ಏಂಜಲೀಸ್, ಹೊಂಡುರಾಸ್, ಸುಡಾನ್ ಅಂತ ಸುತ್ತಿ ಕೊನೆಗೆ ಆಸ್ಕರ್ ಸಮಾರಂಭಕ್ಕೆ ಬಂದು ನಿಲ್ಲುತ್ತೆ ಕಥೆ. ಪುಸ್ತಕ ಬಂದಿದ್ದು 2003ರಲ್ಲಿ, ಅಮೆರಿಕದ ಅವಳಿ ಗೋಪುರ ಬಿದ್ದು ಎರಡೇ ವರ್ಷಕ್ಕೆ. ಆ ವಿಷಯ ಇಟ್ಕೊಂಡು ಆಗ ತಮಾಷೆ ಮಾಡೋಕೆ ಧೈರ್ಯ ಬೇಕಿತ್ತು ಅಂತ ನಂಗನಿಸುತ್ತೆ, ಕೆಲವ್ರಿಗೆ ಅದೇ ಸರಿ ಬಂದಿಲ್ಲ, ಅವ್ರ ಬೇಜಾರೂ ಅರ್ಥ ಆಗುತ್ತೆ.

ಈಗ ನಂಬೋ ಮಾತಾ ಅನ್ನೋ ಪ್ರಶ್ನೆ. ನಾನು ಕೊಡಗಿನ ಸೋಮವಾರಪೇಟೆ ಕಡೆ ಕೆಲವು ವರ್ಷ ಒಂದು ಪತ್ರಿಕೆಗೆ ಸ್ಟ್ರಿಂಗರ್, ಅಂದ್ರೆ ಬರೆದ ಸುದ್ದಿಗಿಷ್ಟು ಅಂತ ದುಡ್ಡು ಸಿಗೋ ಊರಿನ ವರದಿಗಾರ್ತಿ, ಆಗಿದ್ದೆ, ಯಾವ್ದು ಅಂತ ಬೇಡ. ರೈಲು ಬರುತ್ತೆ, ಬರಬಾರ್ದು ಅಂತ ಜಿಲ್ಲೆಯಿಡೀ ಜಗಳ ಆಡ್ತಿದ್ದ ಸಮಯ. ಒಂದಿನ ಬೆಳಗ್ಗೆ ತೋಟದ ರಸ್ತೆಯಲ್ಲಿ ಮೂರು ಜನ ಟ್ರೈಪಾಡ್ ನಿಲ್ಲಿಸ್ಕೊಂಡು, ಟೇಪ್ ಹಿಡ್ಕೊಂಡು ಏನೋ ಅಳೀತಿದ್ರು. ನಾನು ಕೇಳೋಕೂ ಹೋಗ್ಲಿಲ್ಲ, ಸ್ಕೂಟರ್ ತಿರುಗಿಸ್ಕೊಂಡು ಬಂದು 'ಗುಟ್ಟಾಗಿ ರೈಲು ಮಾರ್ಗದ ಸರ್ವೆ ಶುರು' ಅಂತ ಬರೆದು ಕಳಿಸ್ಬಿಟ್ಟೆ, ಬಾಕ್ಸ್ ಐಟಂ ಆಗಿ ಬಂತು. ಮಾರನೇ ದಿನ ಗೊತ್ತಾಯ್ತು ಅವ್ರು ಬೆಂಗಳೂರಿಂದ ಬಂದ ಫೋಟೋಗ್ರಾಫರ್‌ಗಳು, ಯಾರದೋ ಪ್ರೀ ವೆಡ್ಡಿಂಗ್ ಶೂಟ್, ಅಳೀತಿದ್ದಿದ್ದು ಹುಡುಗಿ ಗೌನಿನ ಬಾಲ ಹಾಸೋಕೆ ರಸ್ತೆ ಸಾಲುತ್ತಾ ಅಂತ. ಆಮೇಲೆ ನಂಗೆ ಕೊಟ್ಟಿದ್ದು ಬರೀ ಶಾಲಾ ವಾರ್ಷಿಕೋತ್ಸವ, ಹುತ್ತರಿ ಕೋಲಾಟ, ಮಡಿಕೇರಿ ರಾಜಾಸೀಟಿನ ಫಲಪುಷ್ಪ ಪ್ರದರ್ಶನ. ಒಲಿವಿಯಾಗೆ ಸ್ಟೈಲ್ ಪುಟ, ನಂಗೆ ಡೇಲಿಯಾ.

ಆದ್ರೆ ಸ್ವಾಮಿ, ಹೊರಗಿಂದ ತಂದ ಕಾಳುಮೆಣಸನ್ನ ನಮ್ಮ ಮೆಣಸಿನ ಜತೆ ಬೆರೆಸಿ ಮಾರ್ತಾರೆ ಅನ್ನೋ ಮಾತು ನಾನು ಮೊದ್ಲು ಕೇಳಿದ್ದೇ ಆ ಡೇಲಿಯಾ ಕುಂಡಗಳ ಹಿಂದೆ. ಇಬ್ರು ನನ್ನ ಪಕ್ಕದಲ್ಲೇ ನಿಂತು ಲೆಕ್ಕ ಮಾತಾಡ್ತಿದ್ರು, ಹೂವಿನ ಹೆಸ್ರು ಬರ್ಕೊಳ್ತಿರೋ ಹೆಂಗಸಿನ ಕಡೆ ಅವ್ರು ತಿರುಗಿಯೂ ನೋಡ್ಲಿಲ್ಲ. ಆಫೀಸಿಗೆ ಫೋನ್ ಮಾಡಿ ಹೇಳಿದ್ರೆ, ಅಕ್ಕ ನೀವು ಡೇಲಿಯಾ ಎಷ್ಟು ಬಣ್ಣ ಇತ್ತು ಅಷ್ಟು ಬರೀರಿ ಸಾಕು ಅಂದ್ರು. ಆಮೇಲೆ ವಿಯೆಟ್ನಾಂ ಮೆಣಸು ಅಂತ ಜಿಲ್ಲೇಲಿ ಎಂಥ ಗಲಾಟೆ ಆಯ್ತು ಎಲ್ರಿಗೂ ಗೊತ್ತು. ಹಾಗಾಗಿ ಕ್ರೀಂ ಲಾಂಚಲ್ಲಿ ಭಯೋತ್ಪಾದಕ ಸಿಕ್ಕ ಅಂದ್ರೆ ನಂಗೇನೂ ಆಶ್ಚರ್ಯ ಆಗ್ಲಿಲ್ಲ. ಪಾರ್ಟಿ ಪುಟದವಳ ಎದುರು ಯಾರೂ ಬಾಯಿ ಕಟ್ಕೊಳ್ಳಲ್ಲ, ಫೆರಾಮೊನೂ ಮೊದ್ಲು ಅಷ್ಟೇ ಅಂದ್ಕೊಂಡಿದ್ದ.

ಸುಡಾನ್ ಭಾಗ ಹೊಲಿದು ಅಂಟಿಸಿದಂಗಿದೆ ಅಂದವ್ರಿಗೂ ಒಂದು ಮಾತು. ಫೀಲ್ಡಿಂಗ್ ಬಿಬಿಸಿಯಲ್ಲಿ ಕೆಲಸ ಮಾಡಿ, ಬಡವರಿಗೆ ನೆರವಾಗೋ ಸಂಸ್ಥೆ ಕಾಮಿಕ್ ರಿಲೀಫ್‌ಗಾಗಿ ಆಫ್ರಿಕಾದಲ್ಲಿ ಸಾಕ್ಷ್ಯಚಿತ್ರ ಮಾಡಿದವ್ರು, 1994ರ ಅವ್ರ ಮೊದಲ ಕಾದಂಬರಿ 'ಕಾಸ್ ಸೆಲೆಬ್' ಕೂಡ ಆಫ್ರಿಕಾದ ನಿರಾಶ್ರಿತರ ಶಿಬಿರದ ಕಥೆ. ಬ್ರಿಜೆಟ್ ಜೋನ್ಸ್ ಮೊದ್ಲು ಬಂದಿದ್ದೂ ದಿನಪತ್ರಿಕೆ ಕಾಲಂ ಆಗಿ. ಪತ್ರಿಕೆ ಕೆಲಸ ಹೊರಗಿಂದ ನೋಡಿ ಬರೆದವ್ರಲ್ಲ ಇವ್ರು.

ನನ್ನ ತಕರಾರು ಬೇರೆ. ಅರ್ಧ ಪುಸ್ತಕ ಆದ್ಮೇಲೆ ಬ್ರಿಟಿಷ್ ಗುಪ್ತಚರ ಇಲಾಖೆ ಎಂಐ6 ಅವಳನ್ನ ಸೇರಿಸ್ಕೊಳ್ಳುತ್ತೆ, ಸಾಮಾನು ಸರಂಜಾಮು ಕೊಡುತ್ತೆ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಏಜೆಂಟ್ ಒಬ್ಬ ಜತೆಗೆ ಬರ್ತಾನೆ, ಅಲ್ಲಿಂದ ನೋಡಿ ಅವಳ ಕೈಯಿಂದ ನೋಟ್‌ಬುಕ್ಕೇ ಮಾಯ ಆದಂಗೆ. ಅಲ್ಲೀತನಕ ಪ್ರಶ್ನೆ ಕೇಳ್ಕೊಂಡು, ತಪ್ಪು ತಿಳ್ಕೊಂಡು, ತಿದ್ಕೊಂಡು ಹೋಗ್ತಿದ್ದ ಹುಡುಗಿ ಆಮೇಲೆ ಎಲ್ಲ ಸಿನಿಮಾಗಳಲ್ಲೂ ಇರೋ ಗೂಢಚಾರಿಣಿ ಆಗ್ಬಿಡ್ತಾಳೆ. ಜೇಮ್ಸ್ ಬಾಂಡನ್ನ ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಯುದ್ಧದ ಟೈಮಲ್ಲಿ ನೌಕಾದಳದ ಗುಪ್ತಚರ ವಿಭಾಗದಲ್ಲಿದ್ದು, ಆಮೇಲೆ ಇದೇ ಸಂಡೇ ಟೈಮ್ಸ್ ಬಳಗದಲ್ಲಿ ವಿದೇಶಿ ಸುದ್ದಿ ನೋಡ್ಕೊಳ್ತಿದ್ದೋರು. ಅವ್ರು ಗುಪ್ತಚರ ಕೆಲಸ ಬಿಟ್ಟು ಪತ್ರಿಕೆಗೆ ಬಂದ್ರು, ಇವಳು ಪತ್ರಿಕೆ ಬಿಟ್ಟು ಅಲ್ಲಿಗೆ ಹೋದ್ಳು. ನಮ್ಮವಳನ್ನ ಗುಪ್ತಚರ ಇಲಾಖೆಯವ್ರು ಎಳ್ಕೊಂಡು ಹೋದಂಗಾಯ್ತು ನಂಗೆ. ಕೊನೆಗೆ ಅಷ್ಟೆಲ್ಲ ನೋಡಿದವಳು ಅದನ್ನ ಸುದ್ದಿ ಮಾಡಿ, ತನ್ನ ಹೆಸ್ರು ಹಾಕಿ, ಸ್ಟೈಲ್ ಪುಟಕ್ಕೆ ತಳ್ಳಿದವ್ರ ಟೇಬಲ್ ಮೇಲೆ ಇಟ್ಟಿದ್ರೆ ಎಷ್ಟು ಮಜಾ ಇರ್ತಿತ್ತು!

ಕನ್ನಡದಲ್ಲಿ ಇಂಥದ್ದು ಯಾರು ಓದ್ತಾರೆ ಅಂತಾನೂ ಒಬ್ರು ಬರೆದಿದ್ರು. ನಮ್ಮ ಮಾವನ ಟ್ರಂಕ್ ತುಂಬ ಎನ್. ನರಸಿಂಹಯ್ಯನವ್ರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳಿದ್ವು, ಕಾಫಿ ಕುಯ್ಲಿನ ಟೈಮಲ್ಲೂ ಕಣದ ಮೂಲೇಲಿ ಕೂತು ಓದೋರು. ಈಗಿನ ಕೊಡಗಲ್ಲಿ ಪುರುಷೋತ್ತಮ ಬೇಡ, ಒಬ್ಬ ಸ್ಟ್ರಿಂಗರ್ ಹುಡುಗಿ ಸಾಕು: ಹೋಂಸ್ಟೇಗೆ ಬಂದು ಸಿನಿಮಾ ನಿರ್ಮಾಪಕ ಅಂತ ಹೇಳ್ಕೊಂಡು ಒಂದು ತಿಂಗಳು ಕೂತವ್ನು, ಕಣದಿಂದ ಮೂಟೆ ಕಾಣೆ, ಮಂಜು, ಜಿಗಣೆ, ನೆಟ್‌ವರ್ಕ್ ಇಲ್ಲದ ಫೋನ್. ಬರೆಯೋರು ಯಾರಾದ್ರೂ ಇದ್ರೆ ನಿಮ್ಮ ಪುರವಣಿಯಲ್ಲಿ ಧಾರಾವಾಹಿಯಾಗಿ ಹಾಕಿ, ರಾಶಿಫಲಕ್ಕೆ ಕೊಡೋ ಜಾಗದಲ್ಲಿ ಅರ್ಧ ಕೊಟ್ರೂ ಸಾಕು.

ನನ್ನ ಪುಸ್ತಕ ಈಗ ವಿರಾಜಪೇಟೆಯ ಒಬ್ಬ ಅಕ್ಕನ ಹತ್ರ ಇದೆ. ಅವ್ರದ್ದು ಮುಗಿದ ಮೇಲೆ ಆ ಮೂರನೇ ಓದುಗರಿಗೆ ಬೇಕಿದ್ರೆ ಕಳಿಸ್ತೀನಿ, ಇನ್ನೊಂದ್ಸಲ ಓದ್ಲಿ. ಮಧ್ಯದಲ್ಲಿ ಕಾಫಿ ಕಲೆ ಇದೆ, ಅದು ನಂದಲ್ಲ, ಮಗಳದ್ದು.

ಇಂತಿ,
ನಿಮ್ಮ ಹಳೇ ಓದುಗಿತ್ತಿ, ಸೋಮವಾರಪೇಟೆ