ಗರ್ಭಕೋಶ ತೆಗೆಯುವ ಮುನ್ನ ರಕ್ತಸ್ರಾವದ ಕಾರಣ ತಿಳಿಯಲಿ

ಮಾನ್ಯ ಸಂಪಾದಕರೇ,

ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದೆ ಎಂದು ಹೇಳಿಕೊಂಡ ಮಹಿಳೆಗೆ ಮೊದಲು ಸಿಗುವ ಉತ್ತರ, ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ ಎಂಬುದು. ಸಹಿಸಿ ಸಹಿಸಿ ಸಾಕಾದ ಮೇಲೆ ಸಿಗುವ ಉತ್ತರ, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡು ಎಂಬುದು. ಇವೆರಡರ ನಡುವೆ ಪರೀಕ್ಷೆ ಮತ್ತು ಚಿಕಿತ್ಸೆಯ ಹಲವು ಮೆಟ್ಟಿಲುಗಳಿವೆ. ನಾನು ವೈದ್ಯೆಯಲ್ಲ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹಿಮೋಗ್ಲೋಬಿನ್ 7ಕ್ಕೆ ಇಳಿದರೂ ತಮಗೇನೂ ಕಾಯಿಲೆಯಿಲ್ಲ, ಬರೀ ಸುಸ್ತು ಎನ್ನುವ ಹೆಂಗಸರನ್ನು ನೋಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ ಹೇಳುವಂತೆ, ಮುಟ್ಟು 24ರಿಂದ 38 ದಿನಗಳಿಗೊಮ್ಮೆ ಬಂದು, 8 ದಿನಗಳನ್ನು ಮೀರದೆ ನಿಂತರೆ ಅದು ಸಹಜ. ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಾಣಿಸಿಕೊಳ್ಳುವುದು ಸಹಜವಲ್ಲ. ಹಿಂದೆ 80 ಮಿಲಿಲೀಟರ್ ದಾಟಿದರೆ ಅತಿಸ್ರಾವ ಎನ್ನುತ್ತಿದ್ದರು, ಆದರೆ ಮನೆಯಲ್ಲಿ ಅದನ್ನು ಅಳೆಯುವವರು ಯಾರು? ಆದ್ದರಿಂದಲೇ ಈಗ ಮಹಿಳೆಯ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಸ್ರಾವವಿದ್ದರೆ ಅದನ್ನೇ ಅತಿಸ್ರಾವವೆಂದು ಪರಿಗಣಿಸುತ್ತಾರೆ. ಅಂದರೆ ಆಕೆಯ ಮಾತೇ ಇಲ್ಲಿ ಅಳತೆಗೋಲು.

ಅತಿಸ್ರಾವವು ಒಂದು ಲಕ್ಷಣವೇ ಹೊರತು ತಾನೇ ಒಂದು ರೋಗವಲ್ಲ. ಫಿಗೊ 2011ರಲ್ಲಿ ಇದರ ಕಾರಣಗಳನ್ನು ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ಗರ್ಭಕೋಶದ ಒಳಪದರದಲ್ಲಿ ಮೊಗ್ಗಿನಂತೆ ಬೆಳೆಯುವ ಪಾಲಿಪ್, ಆ ಒಳಪದರವೇ ಸ್ನಾಯುವಿನೊಳಗೆ ಬೆಳೆಯುವ ಅಡಿನೋಮಯೋಸಿಸ್, ಕ್ಯಾನ್ಸರ್ ಅಲ್ಲದ ಫೈಬ್ರಾಯ್ಡ್ ಗಡ್ಡೆ, ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ, ಈ ನಾಲ್ಕು ಸ್ಕ್ಯಾನಿಂಗ್‌ನಲ್ಲೋ ಅಂಗಾಂಶದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲೋ ಗೋಚರಿಸುವಂಥವು. ಉಳಿದವುಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಅಂಡೋತ್ಪತ್ತಿಯ ಏರುಪೇರು, ಕಾಪರ್-ಟಿ ಅಥವಾ ರಕ್ತ ತೆಳುಗೊಳಿಸುವ ಮಾತ್ರೆಗಳ ಪರಿಣಾಮ ಮುಂತಾದವು ಸೇರುತ್ತವೆ. ಮೈನೆರೆದಾಗಿನಿಂದಲೂ ವಿಪರೀತ ಸ್ರಾವವಿದ್ದು, ಮೂಗಿನಿಂದಲೋ ವಸಡಿನಿಂದಲೋ ಆಗಾಗ ರಕ್ತ ಬರುವ ಹುಡುಗಿಗೆ ಗರ್ಭಕೋಶದಲ್ಲಿ ಯಾವ ತೊಂದರೆಯೂ ಇಲ್ಲದಿರಬಹುದು. ವಾನ್ ವಿಲ್ಲೆಬ್ರಾಂಡ್ ಎಂಬ ವಂಶವಾಹಿ ರಕ್ತದೋಷವಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಇನ್ನು ಸ್ಕ್ಯಾನಿಂಗ್ ವರದಿಯಲ್ಲಿ ಗಡ್ಡೆ ಇದೆ ಎಂದ ಮಾತ್ರಕ್ಕೆ ಗಾಬರಿಪಡಬೇಕಿಲ್ಲ. ಒಳಪದರದ ಕಡೆಗೆ ಉಬ್ಬಿದ ಸಣ್ಣ ಗಡ್ಡೆ ಧಾರಾಳ ರಕ್ತ ಹರಿಸಬಲ್ಲದು, ಹೊರಮೈಯಲ್ಲಿ ಬೆಳೆದ ದೊಡ್ಡ ಗಡ್ಡೆ ಸುಮ್ಮನೆ ಇದ್ದುಬಿಡಬಹುದು. ಗಾತ್ರಕ್ಕಿಂತ ಅದಿರುವ ಜಾಗ ಮುಖ್ಯ.

ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಂಡು, ರಕ್ತದ ಎಣಿಕೆ, ಅಗತ್ಯವಿದ್ದರೆ ಥೈರಾಯ್ಡ್ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುವುದು ಸಾಮಾನ್ಯ ಕ್ರಮ. 45 ದಾಟಿದವರಿಗೆ, ಬೊಜ್ಜು ಅಥವಾ ಅಂಡೋತ್ಪತ್ತಿಯನ್ನು ಏರುಪೇರಾಗಿಸುವ ಹಾರ್ಮೋನ್ ತೊಂದರೆಯಾದ ಪಿಸಿಓಎಸ್‌ನಿಂದಾಗಿ ಕ್ಯಾನ್ಸರ್ ಅಪಾಯ ಹೆಚ್ಚಿರುವ ಕಿರಿಯರಿಗೆ ಒಳಪದರದ ಬಯಾಪ್ಸಿಯೂ ಬೇಕಾಗುತ್ತದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆಯನ್ನು ಮುಂದೂಡಬಾರದು.

ಚಿಕಿತ್ಸೆಯ ವಿಷಯದಲ್ಲಿ ತಪ್ಪು ಕಲ್ಪನೆಗಳೇ ಹೆಚ್ಚು. ಸ್ರಾವ ತಗ್ಗಿಸಲು ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಹಾರ್ಮೋನ್ ಅಲ್ಲ. ಸ್ರಾವವಿರುವ ದಿನಗಳಲ್ಲಷ್ಟೇ ನುಂಗಿದರೆ ಸ್ರಾವ ಸುಮಾರು ಅರ್ಧದಷ್ಟು ತಗ್ಗಬಹುದು. ಆದರೆ ಈ ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಅದು ಸಲ್ಲದು, ಹೀಗಾಗಿ ನೆರೆಯವರ ಚೀಟಿ ತೋರಿಸಿ ಕೊಳ್ಳುವ ಮಾತ್ರೆ ಅದಲ್ಲ. ಮೆಫೆನಾಮಿಕ್ ಆಮ್ಲ ಹೊಟ್ಟೆನೋವನ್ನೂ ಸ್ರಾವವನ್ನೂ ತಗ್ಗಿಸುತ್ತದೆ. ಹಾರ್ಮೋನ್ ಮಾತ್ರೆಗಳಿವೆ. ಗರ್ಭಕೋಶದೊಳಗೆ ಅಳವಡಿಸುವ, 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಹೊಂದಿದ ಸಾಧನ ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಬಹುತೇಕರಲ್ಲಿ ಸ್ರಾವವನ್ನು ಬಹಳ ಇಳಿಸುತ್ತದೆ. ಮೊದಲ ಕೆಲವು ತಿಂಗಳು ಹನಿಹನಿಯಾಗಿ ರಕ್ತ ಕಾಣಿಸಿಕೊಳ್ಳುತ್ತದೆಂದು ಮುಂಚೆಯೇ ಹೇಳದಿದ್ದರೆ ಮಾತ್ರ ಹೆದರಿ ತೆಗೆಸಿಬಿಡುವ ಸಂಭವವುಂಟು. ಪಾಲಿಪ್ ಆಗಿದ್ದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟರೋಸ್ಕೋಪಿಯಲ್ಲಿ ಅದನ್ನಷ್ಟೇ ತೆಗೆಯಬಹುದು. ಇನ್ನು ಮಕ್ಕಳು ಬೇಡವೆನ್ನುವವರಿಗೆ ಒಳಪದರವನ್ನು ಮಾತ್ರ ನಾಶಪಡಿಸುವ ವಿಧಾನವೂ ಇದೆ. ಕ್ಯಾನ್ಸರ್ ಇದ್ದಾಗ, ಬೇರಾವ ಚಿಕಿತ್ಸೆಯೂ ಫಲಿಸದಿದ್ದಾಗ, ಅಥವಾ ಎಲ್ಲವನ್ನೂ ತಿಳಿದ ಮಹಿಳೆಯೇ ಬಯಸಿದಾಗ ಗರ್ಭಕೋಶ ತೆಗೆಯುವುದು ಸರಿಯಾದ ನಿರ್ಧಾರವೇ. ನನ್ನ ಆಕ್ಷೇಪವಿರುವುದು ಅದನ್ನೇ ಮೊದಲ ಮೆಟ್ಟಿಲಾಗಿಸುವುದಕ್ಕೆ.

ಸ್ರಾವ ನಿಂತೊಡನೆ ಕಬ್ಬಿಣಾಂಶದ ಮಾತ್ರೆಯನ್ನೂ ನಿಲ್ಲಿಸುವವರಿದ್ದಾರೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ದೇಹದ ದಾಸ್ತಾನು ತುಂಬುತ್ತದೆ. ಗಂಟೆಗೊಂದು ಪ್ಯಾಡ್ ತೋಯ್ದು, ತಲೆ ಸುತ್ತಿ ಕಣ್ಣು ಕತ್ತಲೆಗಟ್ಟುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಶಸ್ತ್ರಚಿಕಿತ್ಸೆಗೆ ಸಹಿ ಹಾಕಿಸಿಕೊಳ್ಳುವ ಮುನ್ನ ಕಾರಣವೇನು, ಬಯಾಪ್ಸಿ ಆಗಿದೆಯೇ, ಯಾವ ಚಿಕಿತ್ಸೆಗಳನ್ನು ಪ್ರಯತ್ನಿಸಲಾಗಿದೆ ಎಂಬುದನ್ನು ರೋಗಿಗೆ ಆಕೆಯ ಭಾಷೆಯಲ್ಲೇ ಬರೆದು ಕೊಡುವುದನ್ನು ಆಸ್ಪತ್ರೆಗಳು ರೂಢಿ ಮಾಡಿಕೊಳ್ಳಲಿ. ಅಂಡಾಶಯಗಳನ್ನೂ ತೆಗೆಯುತ್ತಾರೆಯೇ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಏಕೆಂದರೆ ಮುಟ್ಟು ನಿಲ್ಲುವ ವಯಸ್ಸಿಗೆ ಮುನ್ನ ಅವನ್ನೂ ಕಳೆದುಕೊಂಡರೆ ಮೂಳೆ ಮತ್ತು ಹೃದಯದ ತೊಂದರೆಗಳ ಸಾಧ್ಯತೆ ಹೆಚ್ಚುತ್ತದೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗಿ