ಇದಾ ಕದ್ದ ಮೊಟ್ಟೆ

ಪ್ರಿಯ ಗೆಳೆಯಾ,

ಯುದ್ಧದ ಕಾದಂಬರಿ ಅಂದರೆ ಬರೀ ಬಂದೂಕು, ಸೇನಾಪತಿಗಳು, ನನಗೆ ಬೇಡ ಮಾರಾಯ ಅಂದಿದ್ದೆಯಲ್ಲ? ಹಾಗಾದರೆ ಇಟಲಿಯ ಎಲ್ಸಾ ಮೊರಾಂಟೆ ಬರೆದ ‘ಲಾ ಸ್ತೋರಿಯಾ’ ಓದು. 1974ರಲ್ಲಿ ಬಂದದ್ದು. ಬಡವರ ಕೈಗೂ ಎಟುಕಲಿ ಅಂತ ಹಟ ಹಿಡಿದು ಮೊದಲಿಗೇ ಅಗ್ಗದ ಪೇಪರ್‌ಬ್ಯಾಕ್‌ನಲ್ಲಿ ತರಿಸಿದಳಂತೆ. ನಾನು ಓದಿದ್ದು ವಿಲಿಯಂ ವೀವರ್ ಅವರ ಇಂಗ್ಲಿಷ್ ಅನುವಾದ.

ಕಥೆ ನಡೆಯುವುದು ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ. ರೈಲ್ವೆ ಯಾರ್ಡಿನ ಪಕ್ಕ, ದುಡಿಯುವವರ ಕೇರಿ. ಅಲ್ಲಿ ಇದಾ ಅನ್ನೋ ವಿಧವೆ, ಪ್ರೈಮರಿ ಸ್ಕೂಲ್ ಟೀಚರ್. ಅವಳ ತಾಯಿ ಯಹೂದಿ. ಅದು ಹೊರಬಿದ್ದರೆ ಗತಿಯೇನು ಅಂತ ಸದಾ ಎದೆ ಡವಡವ. (ಮೊರಾಂಟೆಯ ತಾಯಿಯೂ ಯಹೂದಿಯೇ, ಟೀಚರೇ.) 1941ರ ಜನವರಿಯಲ್ಲಿ ಒಬ್ಬ ಜರ್ಮನ್ ಸೈನಿಕ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಹುಟ್ಟಿದ ಮಗುವೇ ಉಸೆಪ್ಪೆ. ದೊಡ್ಡ ಮಗ ನೀನೊಗೆ ಗೊತ್ತಾದರೆ ಅಂತ ಇದಾ ಕೂಸನ್ನು ಬಚ್ಚಿಡುತ್ತಾಳೆ. ಆ ಪೋಕರಿಯೋ, ತಮ್ಮ ಸಿಕ್ಕಿದ ಅಂತ ಕುಣಿದಾಡುತ್ತಾನೆ!

1943ರ ಜುಲೈ 19ಕ್ಕೆ ಅಮೆರಿಕದ ಬಾಂಬು ಬಿದ್ದು ಮನೆ ಹೋಗುತ್ತದೆ. ಆಮೇಲೆ ಊರಾಚೆಯ ಪಿಯೆತ್ರಲಾತಾದಲ್ಲಿ, ಒಂದೇ ದೊಡ್ಡ ಕೋಣೆಯಲ್ಲಿ ಹತ್ತಾರು ಜನರ ಜೊತೆ ಬಾಳು. ಗೋಣಿಚೀಲದ ಪರದೆಯೇ ಗೋಡೆ. ದೊಡ್ಡವರಿಗೆ ನರಕ, ಉಸೆಪ್ಪೆಗೆ ದಿನಾ ಜಾತ್ರೆ.

1944ರ ಮಾರ್ಚ್ ಹೊತ್ತಿಗೆ ರೋಮ್‌ನಲ್ಲಿ ದಿನಕ್ಕೆ ತಲೆಗೆ 100 ಗ್ರಾಂ ಬ್ರೆಡ್ಡು. ತನ್ನ ನೆರಳಿಗೂ ಹೆದರುವ ಇದಾ ಮಗನಿಗಾಗಿ ಒಂದು ಮೊಟ್ಟೆ ಕದಿಯುತ್ತಾಳೆ. ಆಮೇಲೆ ಮತ್ತಷ್ಟು. ಹಿಟ್ಟಿನ ಲಾರಿಗೆ ಮುಗಿಬಿದ್ದ ಹೆಂಗಸರ ಗುಂಪಿಗೂ ನುಗ್ಗುತ್ತಾಳೆ. ಪ್ರೀತಿ ಅನ್ನೋ ಮಾತನ್ನೇ ಆಡದ ಹೆಂಗಸು! ಮಗು ಇವತ್ತು ಏನು ತಿಂದಿತು ಅನ್ನೋದು ಬಿಟ್ಟು ಅವಳಿಗೆ ಬೇರೆ ಲೆಕ್ಕವೇ ಇಲ್ಲ. ಇಷ್ಟು ಆಳವಾದ ಪ್ರೇಮಕಥೆ ನಾನಂತೂ ಓದಿಲ್ಲ.

ಆಗ ಎಡಪಂಥದ ಕೆಲವು ವಿಮರ್ಶಕರು ಇದರಲ್ಲಿ ಬರೀ ಕಣ್ಣೀರು, ಹೋರಾಟವಿಲ್ಲ ಅಂತ ಬೈದಿದ್ದರು. ಆ ಲಾರಿಯ ಪುಟಗಳನ್ನು ಅವರು ಹಾರಿಸಿದರೋ ಏನೋ! ನನ್ನ ತಕರಾರೇ ಬೇರೆ. ನೀನೊನ ಗೆಳೆಯ ದಾವಿದೆ ಹೆಂಡದಂಗಡಿಯಲ್ಲಿ ಮಾಡುವ ಭಾಷಣ ಎಷ್ಟು ಉದ್ದ ಅಂದರೆ, ಅಲ್ಲಿ ಕೂತವರ ಜೊತೆ ನನಗೂ ಆಕಳಿಕೆ ಬಂತು. ಅದನ್ನು ಬೇಕಿದ್ದರೆ ಬಿಡು. ಆದರೆ ಪ್ರತಿ ಭಾಗದ ಶುರುವಿಗೆ ಬರುವ ಇಸವಿವಾರು ಜಗತ್ತಿನ ಸುದ್ದಿಯನ್ನು ಬಿಡಬೇಡ. ಹಿಟ್ಲರ್, ಒಪ್ಪಂದ, ಬಾಂಬು ಎಲ್ಲ ಅಲ್ಲಿ ಮುಗಿಯುತ್ತದೆ. ಆಮೇಲೆ ಇದಾ ಹಾಲಿಗೆ ಅಲೆಯುತ್ತಾಳೆ.

ಕೊನೆ ಹೇಳುವುದಿಲ್ಲ. ಸುಖಾಂತ್ಯಕ್ಕಂತೂ ಕಾಯಬೇಡ. ಓದಿದ ಮೇಲೆ ನೀನೊ ಬಗ್ಗೆ ಬರಿ. ಮೊದಲು ಮುಸ್ಸೊಲಿನಿಯ ಫ್ಯಾಸಿಸ್ಟ್ ಪಡೆಯ ಕರಿಯಂಗಿ, ಆಮೇಲೆ ಜರ್ಮನ್ನರ ವಿರುದ್ಧ ಗೆರಿಲ್ಲಾ, ಯುದ್ಧ ಮುಗಿದದ್ದೇ ಕಳ್ಳಸಾಗಣೆ! ಅವನನ್ನು ಬೈಯಬೇಕು ಅಂತ ಹೊರಟರೆ ನನ್ನಿಂದ ಆಗಲಿಲ್ಲ. ನಿನಗಾಗುತ್ತದಾ ನೋಡು.

ಇಂತಿ ನಿನ್ನ ಗೆಳೆಯ